ಪ್ರಾಸರ್‌ನ ಅಳತೆ ಬುಟ್ಟಿ

"ನಿಂತ್ಕೊಂಡ್ ನೋಡ್ತಿದ್ರೆ ಹೂವು ತಾನಾಗೇ ಉದುರ್ತದೇನ್ಲಾ, ಅಲೆಮಾರಿ ನನ್ಮಗನೆ?"

ತೋಟದ ಮೇಸ್ತ್ರಿ ಪ್ರಾಸರ್ ಬೈದದ್ದು ನನಗೆ. ಬಿಯರಿಗೆ ಹಾಕುವ ಹಾಪ್ ಹೂವಿನ ಬಳ್ಳಿ ಗೀರಿದ ಬೆರಳಿನ ರಕ್ತ ಒರೆಸಿಕೊಳ್ಳುತ್ತಿದ್ದೆ, ಅಷ್ಟೇ. ಮತ್ತೆ ಬಳ್ಳಿಗೆ ಕೈಯಿಟ್ಟೆ. ನನ್ನ ಹೆಂಡತಿ ಡಿಲಾಯಾಗೆ ದಿನ ತುಂಬಿತ್ತು. ಬಟಾಣಿ ಕೊಯ್ಲು ಮುಗಿದಂದಿನಿಂದ ಹೆರಿಫೋರ್ಡ್‌ಶೈರಿನ ಪೊಲೀಸರು ನಾವು ಮನೆ ಮಾಡಿಕೊಂಡಿರುವ ಕುದುರೆಗಾಡಿಗಳನ್ನು ಊರಿಂದೂರಿಗೆ ದನ ಅಟ್ಟಿದ ಹಾಗೆ ಅಟ್ಟಿದ್ದರು. ಹಾಪ್ ಕೊಯ್ಯುವಷ್ಟು ದಿನ ಮಾತ್ರ ಈ ತೋಟದ ಹುಲ್ಲುಗಾವಲಲ್ಲಿ ನಿಲ್ಲಬಹುದು. ಅವಳು ನೆಮ್ಮದಿಯಾಗಿ ಒಂದು ಕಡೆ ಹೆರಲಿ ಎಂದು ಎಂಥ ಬೈಗುಳವನ್ನಾದರೂ ನುಂಗುತ್ತಿದ್ದೆ.

ಪ್ರಾಸರ್ ಅಳತೆಗೆ ಬಂದ. ನಾವು ಬಿಡಿಸಿದ ಹೂವು ಮರದ ಕಾಲುಗಳಿಗೆ ಕಟ್ಟಿದ ಗೋಣಿತಟ್ಟಿನ ತೊಟ್ಟಿಯಲ್ಲಿ ಬೀಳುತ್ತದೆ. ಅವನು ಬುಟ್ಟಿಯನ್ನು ಅದರೊಳಕ್ಕೆ ಅದ್ದಿ ಮೊಗೆಯುತ್ತಾನೆ; ಬುಟ್ಟಿಗಿಷ್ಟು ಎಂದು ಕೂಲಿ. ಹೂವು ಹಗುರ, ಅದುಮಿದಷ್ಟೂ ಕುಗ್ಗುತ್ತದೆ. ಪಕ್ಕದ ಸಾಲಿನಲ್ಲಿದ್ದ ಸಿನ್ಫಾಯಿ ಅತ್ತೆ ತನ್ನ ತೊಟ್ಟಿಯ ಹೂವನ್ನು ಕೈಯಾಡಿಸಿ ಅರಳಿಸಿಟ್ಟಿದ್ದಳು. ಇವನು ಬುಟ್ಟಿ ತುಂಬಿ ನೆಲಕ್ಕಿಟ್ಟ, ಬೂಟುಗಾಲನ್ನೇ ಒಳಗಿಟ್ಟು ತುಳಿದ.

"ಕಾಲ್ ತೆಗಿಯಯ್ಯ," ಅಂದಳು ಅತ್ತೆ. "ಬೆಳಗ್ಗಿಂದ ಬೆನ್ನು ಮುರ್ಕೊಂಡಿದೀನಿ."

"ಮುಚ್ಕೊಂಡಿರು ಮುದ್ಕಿ. ಬರೋ ವರ್ಷ ಹೂವು ಬಿಡ್ಸೋ ಯಂತ್ರ ಬತ್ತದೆ. ಆಮೇಲೆ ನಿನ್ನ ಮುಖ ಯಾವನ್ ನೋಡ್ತಾನೆ?"

ತುಳಿದು ಕುಗ್ಗಿದ ಬುಟ್ಟಿಗೆ ಮತ್ತೆ ಹೂವು ಸುರಿದ. ಎಲ್ಲರೂ ತಲೆ ತಗ್ಗಿಸಿದೆವು. ಎಲ್ಲರಿಗಿಂತ ಮೊದಲು ನಾನೇ.

ಅತ್ತೆ ಎದ್ದಳು. ಲಂಗ ಎತ್ತಿ ಹಿಡಿಯಲಿಲ್ಲ, ಇಳಿಬಿಟ್ಟೇ ಆ ಬುಟ್ಟಿಯನ್ನು ದಾಟಿದಳು. ತಿರುಗಿ ಇನ್ನೊಂದು ಸಲ ದಾಟಿದಳು.

ಸಾಲಿನ ಉದ್ದಕ್ಕೂ ಕೈಗಳು ನಿಂತವು. ಹೆಂಗಸಿನ ಲಂಗ ಸೋಕಿದ್ದು ನಮ್ಮಲ್ಲಿ ಮೈಲಿಗೆ. ಸೋಕಿದ ತಟ್ಟೆಯನ್ನು ಒಡೆದೇ ಹಾಕುತ್ತೇವೆ. ಆ ಬುಟ್ಟಿ ಅದ್ದಿದ ತೊಟ್ಟಿಗೆ ಕೈಯಿಟ್ಟು ಅದೇ ಕೈಯಲ್ಲಿ ರೊಟ್ಟಿ ತಿನ್ನುವವರು ನಮ್ಮ ಪೈಕಿ ಒಬ್ಬರೂ ಇಲ್ಲ. ಇಷ್ಟು ವರ್ಷ ಒಗ್ಗಟ್ಟಾಗಿ ಎಂದರೆ ಆಗದ ಜನ, ಈಗ ಬೇಕೆಂದರೂ ಕೆಲಸ ಮಾಡುವ ಹಾಗಿರಲಿಲ್ಲ.

"ಏನ್ರೋ ಇದು ನಾಟ್ಕ?" ಪ್ರಾಸರ್ ಕಿರುಚಿದ. "ಹೂವು ಒಣಗಿಸೋ ಒಲೆ ಸುಮ್ನೆ ಉರಿತಾ ಐತೆ! ಇನ್ನೊಂದು ಬುಟ್ಟಿ ತರ್ಲಾ?"

"ತಗೊಂಬಾರಪ್ಪ. ಅದನ್ನೂ ದಾಟ್ತೀನಿ," ಅಂದಳು ಅತ್ತೆ. ಯಾರೋ ಕಿಸಕ್ಕನೆ ನಕ್ಕರು.

ಅವನ ಮುಖ ಕೆಂಪಾಯಿತು. ಬುಟ್ಟಿ ಎತ್ತಿಕೊಂಡು ನೆಟ್ಟಗೆ ನನ್ನ ಹತ್ತಿರ ಬಂದ. ಯಾರನ್ನು ಹಿಡಿದರೆ ಬಗ್ಗುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನೆಲ್ಸನ್, ನಿನ್ನ ಹೆಂಡ್ರು ನಮ್ಮ ಹುಲ್ಲಲ್ಲಿ ಹೆರ್ಬೇಕೋ, ಬೀದೀಲಿ ಹೆರ್ಬೇಕೋ? ಹಿಡ್ಕೊ ಬುಟ್ಟಿ. ನಿನ್ನ ತೊಟ್ಟಿದು ನೀನೇ ಅಳೆ."

ನಾಚಿಕೆಯಿಂದ ಹೇಳುತ್ತೇನೆ, ನನ್ನ ಕೈ ಮುಂದಕ್ಕೆ ಹೋಯಿತು.

"ನೆಲ್ಸಾ!"

ಡಿಲಾಯಾ ಹುಲ್ಲುಗಾವಲಿನ ಬೇಲಿ ಹಿಡಿದು ನಿಂತಿದ್ದಳು. ನೋವಿಗೆ ತುಟಿ ಕಚ್ಚಿ ಬೆವೆತಿದ್ದಳು.

"ಅದ್ನ ಮುಟ್ಟಿದ ಕೈಲಿ ನನ್ನ ಕೂಸ್ನ ಮುಟ್ಬ್ಯಾಡ."

"ಡಿಲಾಯಾ, ಓಡುಸ್ಬುಡ್ತಾನೆ ಕಣೆ."

"ಓಡುಸ್ಲಿ. ಹೋಗಿ ಕುದುರೆ ಕಟ್ಟು."

ನನ್ನ ತೊಟ್ಟಿಯ ಕಾಲು ಹಿಡಿದು ಮಗುಚಿದೆ. ಬೆಳಗಿನಿಂದ ಬಿಡಿಸಿದ ಹೂವೆಲ್ಲ ಪ್ರಾಸರ್‌ನ ಬೂಟಿನ ಮೇಲೆ ಬಿತ್ತು. ಪಕ್ಕದವನು ತನ್ನದನ್ನು ಮಗುಚಿದ. ಆಮೇಲೆ ಸಾಲು ಸಾಲೇ ಮಗುಚಿತು.

ನಮ್ಮ ಗಾಡಿ ತೋಟದ ಬಾಗಿಲು ದಾಟುವಷ್ಟರಲ್ಲಿ ಪೊಲೀಸಿನವನು ಸೈಕಲ್ ಅಡ್ಡ ಹಿಡಿದು ನಿಂತಿದ್ದ. "ಈ ರಸ್ತೇಲಿ ಎಲ್ಲೂ ನಿಲ್ಸಂಗಿಲ್ಲ, ನಡೀರಿ," ಎಂದ. ಒಳಗೆ ಡಿಲಾಯಾ ಕೂಗಿಕೊಂಡಳು. ಸಿನ್ಫಾಯಿ ಅತ್ತೆ ರವಿಕೆಯ ತೋಳು ಮೇಲೇರಿಸಿ ಹೆರಿಗೆ ಮಾಡಿಸಲು ಒಳಗೆ ಹತ್ತಿದಳು. ನಾನು ಕುದುರೆಯ ಲಗಾಮು ಎಳೆದು ಗಾಡಿಯನ್ನು ರಸ್ತೆಯ ನಟ್ಟನಡುವೆ ನಿಲ್ಲಿಸಿದೆ.