ಪೆನ್‌ಡ್ರೈವ್ ಓದದ ಕಂಪ್ಯೂಟರ್

ಓಲ್ಗೀನ್ ನಗರದ ಆಸ್ಪತ್ರೆಯಲ್ಲಿ ನೆರೇಯ್ದಾಳ ಹೊಟ್ಟೆಯ ಸ್ಕ್ಯಾನ್ ಮಾಡಿದವರು ಫಿಲ್ಮ್ ಇಲ್ಲವೆಂದು ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. ಗಂಡ ಎಲೀಹಿಯೋ ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೋಪಾನವಾಗಿ ತಂದಿದ್ದ. ಬೆಟ್ಟದೂರಿನ ಅವರ ಚಿಕಿತ್ಸಾಲಯಕ್ಕೆ ಸ್ಯಾಂಟಿಯಾಗೋದ ಸರ್ಜನ್ ಫಬೇಲೋ ಬರುವುದೇ ಅಪರೂಪ. ಇವತ್ತು ಬಂದಿದ್ದರು.

ನರ್ಸ್ ಮಿಗ್ದಾಲಿಯಾ ಅಲ್ಲಿನ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದಳು. ಅದರ ದೀಪವೇನೋ ಹೊತ್ತಿತು, ಪರದೆಯ ಮೇಲೆ ಮಾತ್ರ ಏನೂ ಬರಲಿಲ್ಲ. ತೆಗೆದು, ಊದಿ, ಮತ್ತೆ ಚುಚ್ಚಿದಳು. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದಳು. ಮೌಸ್ ಕಿತ್ತು ಆ ಜಾಗಕ್ಕೆ ಹಾಕಿದಳು. ಕಂಪ್ಯೂಟರ್ ಆರಿಸಿ ಹಚ್ಚಿದಳು. ಊಹೂಂ.

“ಪೆನ್‌ಡ್ರೈವೇ ಕೆಟ್ಟಿದ್ಯೇನೋ” ಎಂದರು ಡಾಕ್ಟರು.

“ಇಲ್ಲ ಡಾಕ್ಟ್ರೇ, ನಿನ್ನೆ ಪಕ್ಕದ ಮನೆ ಟೀವಿಗೆ ಹಾಕಿದ್ವಿ. ಚಿತ್ರ ಕಾಣ್ಲಿಲ್ಲ, ಇವಳ ಹೆಸರು ಮಾತ್ರ ಬಂತು” ಎಂದ ಎಲೀಹಿಯೋ.

“ಟೀವೀಲಿ ನನ್ನ ಕರುಳು ನೋಡೋಕೆ ಬೀದಿಯವರೆಲ್ಲ ಬಂದಿದ್ರು” ಎಂದಳು ನೆರೇಯ್ದಾ. ಯಾರೂ ನಗಲಿಲ್ಲ.

ಮಿಗ್ದಾಲಿಯಾಗೆ ಆಗ ಹೊಳೆಯಿತು. “ವೈರಸ್ ಬರುತ್ತೆ ಅಂತ ಕಂಪ್ಯೂಟರ್ ನೋಡ್ಕೊಳ್ಳೋನು ಪೆನ್‌ಡ್ರೈವ್ ಓದದ ಹಾಗೆ ಬೀಗ ಹಾಕಿದಾನೆ, ಎಲೀಹಿಯೋ ಮಾಮ. ಪಾಸ್‌ವರ್ಡ್ ಅವನ ಹತ್ರಾನೇ ಇದೆ.”

“ಅವನನ್ನ ಕರೀಬಾರ್ದಾ?” ಎಂದ ಎಲೀಹಿಯೋ.

“ಕೆಲಸ ಬಿಟ್ಟು ಹೋದ. ಫೋನೂ ಹತ್ತಲ್ಲ.”

ಡಾಕ್ಟರು ನೆರೇಯ್ದಾಳನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಅವಳು ತುಟಿ ಕಚ್ಚಿದಳು. “ಗಡ್ಡೆ ಕೈಗೆ ಸಿಗುತ್ತಮ್ಮ. ಎಲ್ಲೀವರೆಗೆ ಹಬ್ಬಿದೆ ಅಂತ ಚಿತ್ರ ನೋಡದೆ ಹೇಗೆ ಹೇಳ್ಲಿ? ಪೆನ್‌ಡ್ರೈವ್ ಕೊಡಿ, ಸ್ಯಾಂಟಿಯಾಗೋದಲ್ಲಿ ನೋಡಿ ಹೇಳಿ ಕಳಿಸ್ತೀನಿ.”

ಎಲೀಹಿಯೋನ ಕೈ ಮುಂದಾಗಲಿಲ್ಲ. “ಇರೋದು ಇದೊಂದೇ ಡಾಕ್ಟ್ರೇ. ಓಲ್ಗೀನ್‌ನಲ್ಲಿ ಅಳಿಸಿಬಿಟ್ಟಿರ್ತಾರೆ.”

ಹೊರಗೆ ಡಾಕ್ಟರನ್ನು ಕರೆತಂದಿದ್ದ ಜೀಪಿನವನು ಹಾರ್ನ್ ಮಾಡಿದ. ನದಿಯ ನೀರು ಏರುವ ಮೊದಲು ದಾಟಬೇಕಿತ್ತು.

“ಕೊಡೋ ಮಾರಾಯ. ನೀನಿಟ್ಕೊಂಡು ಪೂಜೆ ಮಾಡ್ತೀಯಾ?” ಎಂದಳು ಹೆಂಡತಿ.

ಕೊಟ್ಟ. ಡಾಕ್ಟರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಜೇಬಿಗೆ ಗುಂಡಿಯಿಲ್ಲದ್ದನ್ನು ಎಲೀಹಿಯೋ ಕಂಡ, ಆದರೆ ದೊಡ್ಡವರಿಗೆ ಹೇಗೆ ಹೇಳುವುದೆಂದು ಬಾಯಿ ಬಿಡಲಿಲ್ಲ. ಜೀಪು ತಿರುವಿನಲ್ಲಿ ಮರೆಯಾಯಿತು.

ವಾರಗಳು ಕಳೆದವು. ಎಲೀಹಿಯೋ ದಿನಾ ಬೆಳಿಗ್ಗೆ ಚಿಕಿತ್ಸಾಲಯದ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಡಾಕ್ಟರಿಂದ ಇನ್ನೂ ಸುದ್ದಿ ಬಂದಿಲ್ಲವೆಂದು ಮಿಗ್ದಾಲಿಯಾ ತಲೆಯಾಡಿಸುತ್ತಿದ್ದಳು. ಮನೆಯಲ್ಲಿ ನೆರೇಯ್ದಾ ಏನಾಯಿತೆಂದು ಕೇಳುವುದನ್ನೇ ಬಿಟ್ಟಿದ್ದಳು. ಅವನು ಕಾಫಿ ಕಾಯಿಸಿ ತಂದು ಅವಳ ಹಾಸಿಗೆಯ ಪಕ್ಕ ಕೂರುತ್ತಿದ್ದ.