ಹೋದ ವರ್ಷದ ಸೂಜಿ

ರಾಜೋಳಿಯ ನೇಕಾರರ ಓಣಿಯಲ್ಲಿ ಶೇಖಮ್ಮನಿಗೆ ಎದುರು ಮಾತಾಡುವವರು ಕಡಿಮೆ. ಎಂಥ ನಾಜೂಕಿನ ಅಂಚಿದ್ದರೂ ಸೀರೆಯ ಮೈಗೆ ಕೂಡಿಸಿಬಿಡುವ ಕೈ ಅವಳದು. ಅದಕ್ಕೇ ಇರಬೇಕು, ಜಡ್ಡು, ಔಷಧದ ವಿಷಯದಲ್ಲೂ ತನ್ನದೇ ಕೊನೆಯ ಮಾತು ಅಂತ ತಿಳಿದಿದ್ದಳು.

ಮಳೆಗಾಲಕ್ಕೆ ಮೊದಲೇ ನರ್ಸ್ ರಜಿತಾ ಮನೆಗೆ ಬಂದು ಹೇಳಿದ್ದಳು. "ಅಕ್ಕಾ, ಫ್ಲೂ ಲಸಿಕಿ ಹಾಕಿಸ್ಕೊಳ್ರಿ. ನಿಮ್ಮ ಮನಿಯವ್ರು ವೀರಯ್ಯಣ್ಣಗ ದಮ್ಮು, ಉಬ್ಬಸ ಐತಿ. ಸೊಸಿ ಬಸುರಿ ಇದ್ದಾಳ."

"ಹೋದ ವರ್ಷ ಹಾಕಿಸ್ಕೊಂಡೀವಲ್ಲವ್ವ! ವರ್ಷಾ ವರ್ಷಾ ಚುಚ್ಚಿಸ್ಕೊಳ್ಳಾಕ ನಮಗ ಬ್ಯಾರೆ ಕೆಲಸ ಇಲ್ಲೇನು? ಬಸುರಿಗಂತೂ ಬ್ಯಾಡೇ ಬ್ಯಾಡ," ಅಂದಳು ಶೇಖಮ್ಮ. ಸೊಸೆ ಶಿವರಂಜನಿ ಏನೋ ಹೇಳಲು ಬಾಯಿ ತೆರೆದಳು. ಅತ್ತೆಯ ಮುಖ ನೋಡಿ ಒಳಗೆ ಹೋದಳು.

ಆಷಾಢದಲ್ಲಿ ವೀರಯ್ಯನಿಗೆ ಕೆಮ್ಮು, ಜ್ವರ ಶುರುವಾಯಿತು. "ಮಳಿ ನೆಗಡಿ" ಅಂತ ಶೇಖಮ್ಮ ಗಂಡನಿಗೆ ಶುಂಠಿ ಕಷಾಯ ಕುಡಿಸಿದಳು. ಮದುವೆ ಮನೆಯ ಸೀರೆ ಅರ್ಧಕ್ಕೆ ನಿಂತಿತ್ತು. ಆತ ಮೈ ಸುಡುತ್ತಿದ್ದರೂ ಮಗ್ಗಕ್ಕೆ ಇಳಿದ. ನೂಲು ಮುಗಿದಾಗಲೆಲ್ಲ ಅಡ್ಡ ಎಳೆ ಓಡಿಸುವ ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ, ಲಾಳಿಯ ಸಣ್ಣ ತೂತಿಗೆ ತುಟಿಯಿಟ್ಟು ಉಸಿರಿನಿಂದ ಎಳೆ ಹೀರಿ ತೆಗೆಯುವುದು ಆ ಓಣಿಯ ರೂಢಿ. ಮಾವ ದಣಿದು ಒರಗಿದಾಗ ಅದೇ ಲಾಳಿಗೆ ಶಿವರಂಜನಿ ತುಟಿಯಿಟ್ಟು ಎಳೆ ತೆಗೆದುಕೊಟ್ಟಳು.

ಮೂರನೆಯ ದಿನ ವೀರಯ್ಯನಿಗೆ ಒಂದು ಮಾತು ಪೂರ್ತಿ ಆಡಲಾಗಲಿಲ್ಲ. ಎದೆ ಸುಯ್‌ಗುಟ್ಟುತ್ತಿತ್ತು. ತುಟಿ ನೀಲಿಗೆ ತಿರುಗಿತ್ತು. ಶೇಖಮ್ಮ ಹೊರಗೋಡಿ ನೆರೆಯವರನ್ನು ಕೂಗಿದಳು. ಪಕ್ಕದ ಮನೆಯ ಹಂಪಣ್ಣನ ಆಟೋದಲ್ಲಿ ಹಾಕಿಕೊಂಡು ಗದ್ವಾಲದ ಜಿಲ್ಲಾ ಆಸ್ಪತ್ರೆಗೆ ಓಡಿದರು. ದಾರಿಯುದ್ದಕ್ಕೂ ಆಕೆ ಗಂಡನ ಎದೆಯ ಮೇಲಿನ ಕೈ ತೆಗೆಯಲಿಲ್ಲ.

ಡಾಕ್ಟರು ಆಮ್ಲಜನಕ ಹಚ್ಚಿದರು. ಪರೀಕ್ಷೆ ಮಾಡಿ, ಫ್ಲೂ ಅಂದರು. ದಮ್ಮು ಇದ್ದವರಿಗೆ ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ ಅಂದರು.

ಸುದ್ದಿ ಕೇಳಿ ಬಂದ ರಜಿತಾ ಮೊದಲು ಕೇಳಿದ್ದು ಒಂದೇ ಮಾತು. "ಅಕ್ಕಾ, ಅಣ್ಣನ ಜೊತಿ ಮಗ್ಗದ ಹತ್ರ ಯಾರಿದ್ರು?"

ಶೇಖಮ್ಮ ರಜಿತಾಳ ಕೈ ಹಿಡಿದುಕೊಂಡಳು. "ರಂಜನಿ... ಅದೇ ಲಾಳಿ ಬಾಯಿಗೆ ಇಟ್ಕೊಂಡಾಳವ್ವ."

ರಜಿತಾ ಆ ಕ್ಷಣವೇ ಮನೆಗೆ ಫೋನ್ ಹಚ್ಚಿದಳು. "ಮುಂಜಾನಿಂದ ಮೈ ಕಾದೈತ್ರಿ," ಅಂದಳು ಶಿವರಂಜನಿ. ಹಂಪಣ್ಣ ಮತ್ತೆ ಆಟೋ ತಿರುಗಿಸಿದ.

ಏಳು ತಿಂಗಳ ಬಸುರಿಯನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. ಒಂದು ಕೋಣೆಯಲ್ಲಿ ಗಂಡ, ಇನ್ನೊಂದರಲ್ಲಿ ಸೊಸೆ, ಅವಳ ಹೊಟ್ಟೆಯಲ್ಲಿ ಕೂಸು. ಶೇಖಮ್ಮ ಗೋಡೆ ಹಿಡಿದು ನಿಂತಳು. ಇಷ್ಟು ವರ್ಷದಲ್ಲಿ ಅವಳಿಗೆ ಅಂಥ ಭಯ ಆಗಿರಲಿಲ್ಲ. ಆಸ್ಪತ್ರೆಯ ನರ್ಸ್ ಹೊರಗೆ ಬಂದು, "ಕೂಸಿನ ಎದಿಬಡಿತ ಚಲೋ ಐತ್ರಿ. ಲಗೂನ ಬಂದೀರಿ, ಔಷಧ ಶುರು ಮಾಡೀವಿ," ಅಂದಾಗ ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತಳು.

"ಹೋದ ವರ್ಷದ ಸೂಜಿ ಯಾಕ ಕಾಯಲಿಲ್ಲ ರಜಿತಾ?"

"ಈ ವೈರಸ್ಸು ವರ್ಷಾ ವರ್ಷಾ ರೂಪ ಬದಲಿಸ್ತೈತಿ ಅಕ್ಕಾ. ಹಳೀ ಲಸಿಕಿ ಬಲಾನೂ ಇಳೀತೈತಿ. ಅದಕ್ಕ ಹೊಸಾದು ತಯಾರು ಮಾಡ್ತಾರ. ಹಾಕಿಸ್ಕೊಂಡ್ ಮ್ಯಾಲೆ ಅದು ಕೆಲಸ ಮಾಡಾಕ ಎರಡು ವಾರ ಬೇಕು. ಅದಕ್ಕೇ ಮಳಿಗಿಂತ ಮೊದ್ಲು ಬಂದಿದ್ದೆ."

"ಸೂಜಿಯಿಂದಲೇ ಜ್ವರ ಬರ್ತೈತಂತಾರಲ್ಲ?"

"ಕೈ ನೋಯ್ತೈತಿ, ಒಂದೆರಡು ದಿನ ಮೈ ಬಿಸಿ ಆಗಬಹುದು. ಅದು ಫ್ಲೂ ಅಲ್ಲ. ಹಾಕಿಸ್ಕೊಂಡವರಿಗೂ ಒಮ್ಮೊಮ್ಮೆ ಫ್ಲೂ ಬರ್ತೈತಿ. ಆದ್ರ ಹಿಂಗ ಆಮ್ಲಜನಕದ ತನಕ ಹೋಗೋದು ಕಡಿಮಿ."

"ಬಸುರಿಗೆ?"

"ಬಸುರಿಗೇ ಮೊದ್ಲು ಬೇಕು. ಹುಟ್ಟಿದ ಕೂಸಿಗೆ ಆರು ತಿಂಗಳ ತನಕ ಈ ಲಸಿಕಿ ಹಾಕಾಕ ಬರಲ್ಲ. ತಾಯಿ ಹಾಕಿಸ್ಕೊಂಡ್ರ ಕೂಸಿಗೂ ಕಾವಲು. ಮನಿಯವರೆಲ್ಲ ಹಾಕಿಸ್ಕೊಂಡ್ರ ಇನ್ನೂ ಗಟ್ಟಿ."

ಒಂಬತ್ತು ದಿನಕ್ಕೆ ವೀರಯ್ಯ ಎದ್ದು ಕೂತ. ಸೊಸೆಯ ಜ್ವರ ಅದಕ್ಕೂ ಮೊದಲೇ ಬಿಟ್ಟಿತ್ತು. ಮೈ ಹುಷಾರಾದ ಮೇಲೆ ಡಾಕ್ಟರನ್ನು ಕೇಳಿ ಇಬ್ಬರೂ ಲಸಿಕೆ ಹಾಕಿಸಿಕೊಂಡರು. ಅವರಿಗಿಂತ ಮೊದಲು ತೋಳು ಚಾಚಿದವಳು ಶೇಖಮ್ಮ. ಸಾಲಿನಲ್ಲಿ ನಿಂತಿದ್ದ ಹೆಂಗಸರ ಎದುರು ಒಂದಿಷ್ಟೂ ನಾಚದೆ ಹೇಳಿದಳು. "ತಪ್ಪು ನಂದೇ. ನನ್ನ ಹಟಕ್ಕ ಮೂರು ಜೀವ ಹೋಗ್ತಿದ್ವು. ಹುಟ್ಟೋ ಕೂಸನ್ನ ಎತ್ತಿಕೊಳ್ಳೋ ಕೈ ಇದು. ಚುಚ್ಚವ್ವ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಸುರಿ ಇರಬಹುದು, ವಯಸ್ಸಾದವರು ಇರಬಹುದು, ದಮ್ಮು, ಸಕ್ಕರೆ ಕಾಯಿಲೆ ಇದ್ದವರು ಇರಬಹುದು. ಮಳೆಗಾಲಕ್ಕೆ ಮೊದಲೇ ನಿಮ್ಮೂರಿನ ನರ್ಸನ್ನೋ ಡಾಕ್ಟರನ್ನೋ ಕಂಡು, ಈ ವರ್ಷದ ಫ್ಲೂ ಲಸಿಕೆ ಎಲ್ಲಿ ಸಿಗುತ್ತದೆ, ಯಾರ್ಯಾರಿಗೆ ಬೇಕು ಅಂತ ಕೇಳಿ. ಜ್ವರದ ಜೊತೆ ಉಸಿರು ಸಿಕ್ಕಿಕೊಂಡರೆ ಕಷಾಯ ಕುದಿಸುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ತೊಟ್ಟಿಲಲ್ಲಿರುವ ಕೂಸು ತಾನಾಗಿ ಎದ್ದು ಹೋಗಿ ಲಸಿಕೆ ಹಾಕಿಸಿಕೊಳ್ಳಲಾರದು. ನೀವು ಹೋಗಬಲ್ಲಿರಿ. ಹೋಗಿ ಬನ್ನಿ.