ಎರಡು ಕಲ್ಲು, ಸೊನ್ನೆ ತಪ್ಪು

ಜನಾರ್ದನನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಕೊಚ್ಚಿಯ ಪಾಲಾರಿವಟ್ಟಂ ಜಂಕ್ಷನ್ನಿನಲ್ಲಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ಕೆಳಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಿರುತ್ತವೆ, ಮೇಲೆ ನಾವು ಎರಡು ಸಾವಿರ ವರ್ಷ ಹಿಂದಿನ ಗ್ರೀಕ್, ಲ್ಯಾಟಿನ್ ಶಾಸನಗಳನ್ನು ಕಂಪ್ಯೂಟರಿಗೆ ಇಳಿಸುತ್ತಿರುತ್ತೇವೆ. ಇಟಲಿಯ ಪ್ರೊಫೆಸರ್ ಮೇಡಂ ಒಬ್ಬರು ಕಲ್ಲುಗಳ ಫೋಟೋ ಕಳಿಸುತ್ತಾರೆ, ನಾವು ಒಂದೊಂದೇ ಅಕ್ಷರ ಟೈಪ್ ಮಾಡಿ ವಾಪಸು ಕಳಿಸುತ್ತೇವೆ. ಅವುಗಳಲ್ಲಿ ಎಷ್ಟೋ ಕಲ್ಲುಗಳು ಈಗ ಇಲ್ಲ. ಯುದ್ಧದಲ್ಲಿ ಪುಡಿಯಾಗಿವೆ, ಇಲ್ಲ ಯಾರದೋ ಗೋಡೆಯೊಳಗೆ ಸೇರಿಹೋಗಿವೆ. ನಾವು ತಪ್ಪು ಟೈಪ್ ಮಾಡಿದರೆ ಮುಂದೆ ಓದುವವರಿಗೆಲ್ಲ ಆ ತಪ್ಪೇ ಸತ್ಯ.

ನಾನು ಸೌದಾಮಿನಿ, ಮೈಸೂರಿನಲ್ಲಿ ಕನ್ನಡ ಶಾಸನಗಳನ್ನು ಓದಿದವಳು. ಗಂಡನಿಗೆ ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ ವರ್ಗವಾದ ಮೇಲೆ ಲ್ಯಾಟಿನ್, ಗ್ರೀಕ್ ಕಲಿತು ಇಲ್ಲಿ ಸೇರಿಕೊಂಡೆ. ವಾರವೆಲ್ಲ ಕೊಚ್ಚಿ, ರಜೆಗೆ ತಿರುವನಂತಪುರ.

ನಮ್ಮ ಕೆಲಸದ ಕ್ರಮ ಸರಳ. ಒಂದು ಕಲ್ಲಿನ ಫೋಟೋವನ್ನು ಇಬ್ಬರಿಗೆ ಕೊಡುತ್ತೇವೆ. ಇಬ್ಬರಿಗೂ ಆ ಭಾಷೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಣ್ಣಿಗೆ ಕಂಡ ಅಕ್ಷರ ಒತ್ತಿದರೆ ಸಾಕು, ಒಬ್ಬರು ಇನ್ನೊಬ್ಬರದನ್ನು ನೋಡಬಾರದು. ಆಮೇಲೆ ಕಂಪ್ಯೂಟರ್ ಎರಡನ್ನೂ ಹೋಲಿಸಿ, ಬೇರೆ ಇರುವ ಕಡೆ ಕೆಂಪು ತೋರಿಸುತ್ತದೆ. ಆ ಕೆಂಪನ್ನು ಮತ್ತೆ ಫೋಟೋ ಜೊತೆ ಇಟ್ಟು ನೋಡಿ ತೀರ್ಮಾನಿಸುವವಳು ನಾನು. ಕಲ್ಲು ಸವೆದ ಜಾಗದಲ್ಲಿ ಇಬ್ಬರಿಗೆ ಎರಡು ಥರ ಕಾಣುವುದು ಸಹಜ. ಕೆಂಪು ಬಂದರೇ ನನಗೆ ಅಲ್ಲಿ ಅನುಮಾನವಿದೆ ಎಂದು ಗೊತ್ತಾಗುವುದು.

ಇದನ್ನು ಜನಾರ್ದನ ಕೆಡಿಸಿದ. ಬೆಂಗಳೂರಿನಿಂದ ಮ್ಯಾನೇಜರಾಗಿ ಬಂದವನೇ ಗೋಡೆಗೆ ದೊಡ್ಡದೊಂದು ಟೀವಿ ಬೋರ್ಡ್ ಹಾಕಿಸಿದ. ಯಾರ ಹೆಸರಿನ ಮುಂದೆ ಎಷ್ಟು ಕೆಂಪು ಎಂದು ಅದು ದಿನವಿಡೀ ಸಾರುತ್ತದೆ. ಕೆಂಪು ಎಂದರೆ ತಪ್ಪು, ತಪ್ಪು ಮಾಡಿದವರು ಎಲ್ಲರ ಮುಂದೆ ಎದ್ದು ನಿಂತು ಕಾರಣ ಕೊಡಬೇಕು. ಆಗಬೇಕಾದದ್ದೇ ಆಯಿತು. ಪ್ರತಿ ಜೋಡಿಯಲ್ಲೂ ಒಬ್ಬರು ಟೈಪ್ ಮಾಡುವುದು, ಇನ್ನೊಬ್ಬರು ಫೋಟೋ ಕಡೆ ತಿರುಗಿಯೂ ನೋಡದೆ ಅದನ್ನೇ ನಕಲು ಹೊಡೆಯುವುದು. ಕೆಂಪು ಮಾಯವಾಯಿತು. 'ಸೊನ್ನೆ ತಪ್ಪು' ಎಂದು ಜನಾರ್ದನ ಕೇಕ್ ತರಿಸಿದ. ನಾನು ಅದನ್ನು ಮುಟ್ಟಲಿಲ್ಲ.

ಕೆಂಪು ಉಳಿದದ್ದು ಅನನ್ಯ ಮತ್ತು ಮನೋಜ್ ಜೋಡಿಯಲ್ಲಿ ಮಾತ್ರ. ಅನನ್ಯ ಕಾಸರಗೋಡಿನ ಕಡೆಯವರ ಮಗಳು. ಅಪ್ಪ ಎರ್ನಾಕುಳಂನಲ್ಲಿ ವಕೀಲರು, ಅವಳು ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ದಿನವಿಡೀ ಫೋನಿನಲ್ಲಿ ಬೈಸಿಕೊಳ್ಳುವ ಕೆಲಸ ಬಿಟ್ಟು ಬಂದ ಹುಡುಗಿ, ಈ ಕಲ್ಲುಗಳೆಂದರೆ ಅವಳಿಗೆ ಜೀವ. ಮನೋಜ್ ಕುತ್ತಿಗೆ ಚಾಚಿದರೆ ಸ್ಕ್ರೀನನ್ನು ಆಚೆ ತಿರುಗಿಸಿಬಿಡುತ್ತಿದ್ದಳು. ಬೇರೆ ದಾರಿ ಕಾಣದೆ ಅವನೂ ಫೋಟೋ ನೋಡಿಯೇ ಟೈಪ್ ಮಾಡುತ್ತಿದ್ದ, ಮಾಡಿ, ಕೆಂಪೆಲ್ಲ ಅವಳ ತಪ್ಪೇ ಎಂದು ಜನಾರ್ದನನ ಹತ್ತಿರ ಚಾಡಿ ಹೇಳುತ್ತಿದ್ದ.

"ಏನಮ್ಮಾ, ದಿನಾ ಇಷ್ಟೊಂದು ಕೆಂಪು?" ಎಂದು ಜನಾರ್ದನ ಅವಳನ್ನು ಎದ್ದು ನಿಲ್ಲಿಸಿದ.

"ಞಾನ್ ಕಂಡದೇ ಅಡಿಚ್ಚುಳ್ಳೂ ಸಾರ್." ಕಂಡದ್ದನ್ನಷ್ಟೇ ಒತ್ತಿದೆ ಎಂದಳು.

"ಕನ್ನಡದಲ್ಲಿ ಹೇಳು. ಇದೆಲ್ಲ ನಂಗೆ ತಿಳಿಯಲ್ಲ."

ಆಟೋದವನ ಜೊತೆ ಜಗಳಕ್ಕೆ ಬರುವ ಮಲಯಾಳ ಇವಳ ಮುಂದೆ ಮಾತ್ರ ಅವನಿಗೆ ಬರುವುದಿಲ್ಲ. ನನ್ನ ಮೈ ಉರಿದುಹೋಯಿತು. ನೆಟ್ಟಗೆ ಅವನ ಕೋಣೆಗೆ ಹೋದೆ.

"ಆ ಸೊನ್ನೆ ಸುಳ್ಳು ಜನಾರ್ದನ್. ಎಲ್ಲರೂ ನಕಲು ಹೊಡೀತಿದಾರೆ."

"ಪ್ರೂಫ್ ಇದೆಯಾ ಮೇಡಂ? ಇದ್ರೆ ತನ್ನಿ. ಸೋಮವಾರ ತಿರುವನಂತಪುರದಲ್ಲಿ ಪ್ರೊಫೆಸರ್‌ಗೆ ಬೋರ್ಡ್ ತೋರಿಸ್ಬೇಕು. ಅಷ್ಟರಲ್ಲಿ ಆ ಹುಡುಗಿನ ಮನೆಗೆ ಕಳಿಸ್ತೀನಿ."

ಪ್ರೂಫ್ ಬೇಕಂತೆ! ಯಾರಿಗೆ ಯಾವ ಫೋಟೋ ಎಂದು ಹಂಚುವವಳು ನಾನು. ಮರುದಿನ ಪ್ರತಿ ಜೋಡಿಗೂ ಒಂದೇ ನಂಬರಿನ ಕೆಳಗೆ ಎರಡು ಬೇರೆ ಬೇರೆ ಕಲ್ಲು ಹಾಕಿದೆ. ಒಬ್ಬರಿಗೆ ಹೆಂಡತಿಯೊಬ್ಬಳು ಗಂಡನಿಗೆ ಹಾಕಿಸಿದ ಗೋರಿಕಲ್ಲು, ಇನ್ನೊಬ್ಬರಿಗೆ ಸೇತುವೆ ರಿಪೇರಿ ಮಾಡಿಸಿದ ಅಧಿಕಾರಿಯ ಕಲ್ಲು. ಫೋಟೋ ನೋಡಿದ್ದರೆ ಎಲ್ಲ ಸಾಲುಗಳೂ ಕೆಂಪಾಗಬೇಕಿತ್ತು. ಸಂಜೆ ಬೋರ್ಡ್ ನೋಡಿದರೆ ಉಳಿದ ಎಲ್ಲ ಜೋಡಿಗಳದೂ ಸೊನ್ನೆ. ಅನನ್ಯಳ ಸಾಲೊಂದೇ ಈ ತುದಿಯಿಂದ ಆ ತುದಿಗೆ ಕೆಂಪು.

ಜನಾರ್ದನ ಫೋಟೋ ತೆರೆದು ನೋಡಿದನೇ? ಎಲ್ಲಿಯ ಮಾತು! "ಒಂದಕ್ಷರಾನೂ ಸೇರ್ತಿಲ್ಲ, ನಾಳೆಯಿಂದ ಬರ್ಬೇಡ" ಎಂದ. ಅನನ್ಯ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನನ್ನ ಕಡೆ ನೋಡಿದಳು. ನಾಲಿಗೆ ತುದಿಗೆ ಬಂದ ಮಾತನ್ನು ತಡೆದುಕೊಂಡೆ. ಅಲ್ಲಿ ಹೇಳಿದ್ದರೆ ಅವನು ಆ ಫೋಟೋಗಳನ್ನು ಅಳಿಸಿ, ಎಲ್ಲವನ್ನೂ ನುಂಗಿ ನೀರು ಕುಡಿಯುತ್ತಿದ್ದ. ಮೆಟ್ಟಿಲ ಹತ್ತಿರ ಅವಳ ಕೈ ಹಿಡಿದು, "ಸೋಮವಾರದವರೆಗೆ ತಡಿ" ಎಂದೆ. ಅವಳು ಕೈ ಬಿಡಿಸಿಕೊಂಡು ಇಳಿದು ಹೋದಳು.

ಸೋಮವಾರ ತಿರುವನಂತಪುರದಲ್ಲಿ, ಪಾಳಯಂ ಹತ್ತಿರದ ಒಂದು ಹೋಟೆಲಿನ ಹಾಲ್. ಬೇರೆ ಕೆಲಸದ ಮೇಲೆ ಇಟಲಿಯಿಂದ ಬಂದಿದ್ದ ಪ್ರೊಫೆಸರ್ ಮೇಡಂ ನಮಗೆಂದು ಬಿಡುವು ಮಾಡಿಕೊಂಡಿದ್ದರು. ಜನಾರ್ದನ ಕೋಟು ಹಾಕಿಕೊಂಡು ಪರದೆಯ ಮೇಲೆ ಸೊನ್ನೆಗಳನ್ನು ಸಾಲಾಗಿ ತೋರಿಸಿದ. ಕೊನೆಗೆ ಅನನ್ಯಳ ಕೆಂಪು ಸಾಲಿಗೆ ಬೆರಳು ಮಾಡಿ, "ಇವಳೊಬ್ಬಳು ಕೆಟ್ಟ ಕೆಲಸಗಾರ್ತಿ, ತೆಗೆದುಹಾಕಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಹೆಮ್ಮೆಪಟ್ಟ.

ನಾನು ಎದ್ದು ಅವನ ಕೈಯಿಂದ ಮೌಸ್ ಕಿತ್ತುಕೊಂಡೆ. ಅದೇ ದಿನದ ಎರಡು ಫೋಟೋಗಳನ್ನು ಪಕ್ಕಪಕ್ಕದಲ್ಲಿ ತೆರೆದೆ. ಗೋರಿಕಲ್ಲು, ಸೇತುವೆ ಕಲ್ಲು. ಕೆಳಗೆ ಸೊನ್ನೆ ತಪ್ಪಿನ ಜೋಡಿಗಳು ಟೈಪ್ ಮಾಡಿದ್ದನ್ನು ತೆರೆದೆ. ಗಂಡನನ್ನು ಕಳೆದುಕೊಂಡವಳ ಮಾತೇ ಎರಡೂ ಕಲ್ಲುಗಳ ಕೆಳಗೆ, ಒಂದಕ್ಷರ ವ್ಯತ್ಯಾಸವಿಲ್ಲದೆ. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹಾಗಾದರೆ ಇಷ್ಟು ದಿನ ನನಗೆ ಕಳಿಸಿದ್ದು?" ಎಂದರು.

ಜನಾರ್ದನ ಬೆವರುತ್ತ, "ಎಲ್ಲರನ್ನೂ ಇವತ್ತೇ ತೆಗೆದುಹಾಕ್ತೀನಿ" ಎಂದ.

"ಬಾಯಿ ಮುಚ್ಚು!" ಎಂದು ಕನ್ನಡದಲ್ಲೇ ಕೂಗಿದೆ. "ಆ ಬೋರ್ಡ್ ನೇತುಹಾಕಿ ಅವರನ್ನ ಎದ್ದು ನಿಲ್ಲಿಸಿದ್ದು ಯಾರು? ನೀನು. ಮೊದಲು ನೀನು ಎದ್ದು ನಿಂತು ಕಾರಣ ಕೊಡು."

ಮೇಡಂಗೆ ಕನ್ನಡ ಬಾರದಿದ್ದರೂ ನನ್ನ ದನಿ ಅರ್ಥವಾಗಿರಬೇಕು. ಅವರು ಕೆಂಪು ಸಾಲನ್ನು ತೋರಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿಸಬೇಕು, ಈ ಹುಡುಗಿ ಇದ್ದರೆ ಮಾತ್ರ ಕೆಲಸ ನಿಮಗೆ, ಇಲ್ಲದಿದ್ದರೆ ಇಲ್ಲ ಎಂದರು. ಜನಾರ್ದನ ಫೋನ್ ತೆಗೆದ. ಸ್ಪೀಕರ್ ಹಾಕು ಎಂದೆ, ಹಾಕಿದ.

"ಅನನ್ಯಾ, ಏನೋ ಸ್ವಲ್ಪ ಗೊಂದಲ ಆಯ್ತಮ್ಮ. ನಾಳೆಯಿಂದ ಬಂದ್ಬಿಡು."

ಆ ಕಡೆ ಕುಕ್ಕರ್ ಕೂಗುವುದು ಕೇಳಿಸಿತು. ಯಾರೋ ಅದನ್ನು ಆರಿಸಿದರು. ಆಮೇಲೆ ಅವಳ ದನಿ ಬಂತು. ಆಫೀಸಿನಲ್ಲಿ ಒಂದು ದಿನವೂ ನಾನು ಕೇಳಿರದ ಅವಳ ಕನ್ನಡ ಅದು, ಅವಳ ಮನೆಯ ಕನ್ನಡ.

"ಮೊದಲು ಆ ಬೋರ್ಡ್ ತೆಗೀರಿ ಸಾರ್. ಮತ್ತೆ ನಾನು ಬರ್ತೇನೆ. ಕನ್ನಡದಲ್ಲೇ ಹೇಳಿದ್ದೇನೆ. ಈಗ ನಿಮಗೆ ಗೊತ್ತಾಯ್ತಲ್ಲ?"